ವಿಹಾರ ದೋಣಿ ಅಪಘಾತ ಮತ್ತು ಆಸ್ತಿ ಹಾನಿಯ ಹೊಣೆ

ವಿಹಾರ ದೋಣಿ ಅಪಘಾತದಲ್ಲಿ ಆಸ್ತಿ ಹಾನಿಯ ಹೊಣೆ ಎಂಬುದು, ಮನರಂಜನೆಗಾಗಿ ನಡೆಸಿದ ದೋಣಿಯಿಂದ ಇನ್ನೊಬ್ಬರ ಸ್ವತ್ತಿಗೆ ಉಂಟಾದ ನಷ್ಟವನ್ನು ಯಾರು, ಯಾವ ಆಧಾರದ ಮೇಲೆ ತುಂಬಿಕೊಡಬೇಕು ಎಂಬುದನ್ನು ನಿರ್ಧರಿಸುವ ಕಾನೂನು ವಿಷಯವಾಗಿದೆ. ರಸ್ತೆ ಅಪಘಾತಗಳನ್ನು ವಿಚಾರಿಸುವ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದ ವ್ಯಾಪ್ತಿಗೆ ದೋಣಿಗಳು ಬರುವುದಿಲ್ಲ. ಆದ್ದರಿಂದ ನಷ್ಟ ಅನುಭವಿಸಿದವರು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಎದುರಾಳಿಯ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಾಗುತ್ತದೆ.

ಪ್ರಾದೇಶಿಕ ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕೃಷ್ಣಾ ನದಿಯೂ ನಿಪ್ಪಾಣಿ ತಾಲ್ಲೂಕಿನಲ್ಲಿ ವೇದಗಂಗಾ ನದಿಯೂ ಹರಿಯುತ್ತವೆ. ಗಡಿಯ ಆಚೆಗೆ ಮಹಾರಾಷ್ಟ್ರದ ಶಿರೋಳ ತಾಲ್ಲೂಕಿದೆ. ನದಿಯಲ್ಲಿ ಮೀನುಗಾರರ ಬಲೆ ಮತ್ತು ದೋಣಿಗಳು, ದಂಡೆಯಲ್ಲಿ ನೀರಾವರಿಯ ಪಂಪ್‌ಮನೆ ಮತ್ತು ಜಾಕ್‌ವೆಲ್‌ಗಳು ಇರುವುದರಿಂದ, ಇಂತಹ ಅಪಘಾತದಲ್ಲಿ ಹಾನಿಗೊಳಗಾಗಬಹುದಾದ ಸ್ವತ್ತು ಮುಖ್ಯವಾಗಿ ಇವೇ ಆಗಿವೆ.

ಹೊಣೆಯ ಆಧಾರಗಳು

ದೋಣಿ ನಡೆಸುವವನು ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ವಹಿಸುವಷ್ಟು ಎಚ್ಚರ ವಹಿಸಬೇಕು. ಅದರಲ್ಲಿ ತಪ್ಪಿ ಹಾನಿಯಾದರೆ ಅವನು ಹೊಣೆಗಾರನಾಗುತ್ತಾನೆ. ಕೆಲಸದ ಅವಧಿಯಲ್ಲಿ ನೌಕರನು ಮಾಡಿದ ತಪ್ಪಿಗೆ ಮಾಲೀಕನೂ ಹೊಣೆಗಾರನು. ಹಾನಿಗೊಳಗಾದವನ ತಪ್ಪೂ ಸೇರಿದ್ದರೆ ಪರಿಹಾರದ ಮೊತ್ತ ಆ ಪ್ರಮಾಣದಲ್ಲಿ ಕಡಿಮೆಯಾಗಬಹುದು.

ಬಾಡಿಗೆಗೆ ಪಡೆದ ದೋಣಿಗೆ 1872ರ ಭಾರತೀಯ ಕರಾರು ಅಧಿನಿಯಮ ಅನ್ವಯಿಸುತ್ತದೆ. 151ನೇ ಪ್ರಕರಣದ ಪ್ರಕಾರ ಬಾಡಿಗೆದಾರನು ದೋಣಿಯನ್ನು ತನ್ನದೇ ವಸ್ತುವಿನಂತೆ ಜೋಪಾನ ಮಾಡಬೇಕು. ಒಪ್ಪಂದಕ್ಕೆ ವಿರುದ್ಧವಾಗಿ ಬಳಸಿದಾಗ ಆಗುವ ಹಾನಿಗೆ, 154ನೇ ಪ್ರಕರಣದಂತೆ, ಅವನೇ ಹೊಣೆ. ಆದರೆ ದೋಣಿಯ ದೋಷದಿಂದಲೇ ಬಾಡಿಗೆದಾರನಿಗೆ ನಷ್ಟವಾದರೆ, ಆ ದೋಷ ತನಗೆ ತಿಳಿದಿರಲಿಲ್ಲವೆಂದು ಹೇಳಿ ಮಾಲೀಕನು ಪಾರಾಗುವಂತಿಲ್ಲ (150ನೇ ಪ್ರಕರಣ).

ಪ್ರವಾಹ ಮತ್ತು ದೈವಿಕ ಕಾರಣ

ಊಹಿಸಲಾಗದ ನೈಸರ್ಗಿಕ ವಿಕೋಪವನ್ನು ಪ್ರತಿವಾದವಾಗಿ ಮುಂದಿಡಬಹುದು. ಆದರೆ ಕೃಷ್ಣಾ ತೀರದಲ್ಲಿ ಮಳೆಗಾಲದ ಪ್ರವಾಹ ಅನಿರೀಕ್ಷಿತವಲ್ಲ. 2005 ಮತ್ತು 2019ರ ಪ್ರವಾಹಗಳು ಇದಕ್ಕೆ ನಿದರ್ಶನ. ಎಚ್ಚರಿಕೆ ನೀಡಿದ ಮೇಲೂ ಸಡಿಲವಾಗಿ ಕಟ್ಟಿದ ದೋಣಿ ಕೊಚ್ಚಿಹೋಗಿ ಪಂಪ್‌ಮನೆಗೆ ಬಡಿದರೆ, ಈ ಪ್ರತಿವಾದ ನಿಲ್ಲುವುದು ಕಷ್ಟ.

ಒಳನಾಡು ನೌಕೆಗಳ ಕಾಯಿದೆ

1917ರ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಅಧಿನಿಯಮವು ಯಾಂತ್ರಿಕ ನೌಕೆಗಳ ತಪಾಸಣೆ, ನೋಂದಣಿ ಮತ್ತು ವಿಮೆಯನ್ನು ನಿಯಂತ್ರಿಸುತ್ತದೆ. ನೌಕೆಯ ಬಳಕೆಯಿಂದಾಗುವ ಹಾನಿಯ ಹೊಣೆಗೂ ವಿಮೆ ಇರಬೇಕು. ಅಪಘಾತವನ್ನು ಸಮೀಪದ ಪೊಲೀಸ್ ಠಾಣೆಗೆ ತಿಳಿಸಬೇಕು.

ದಾವೆ ಹೂಡುವ ಸ್ಥಳ

ಗಡಿಭಾಗದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಪ್ರಕರಣದಂತೆ, ಬಲೆ ಅಥವಾ ದೋಣಿಯಂತಹ ಚರಸ್ವತ್ತಿಗೆ ಹಾನಿಯಾದಾಗ, ಘಟನೆ ನಡೆದ ಸ್ಥಳದಲ್ಲಾಗಲಿ ಪ್ರತಿವಾದಿ ವಾಸಿಸುವ ಸ್ಥಳದಲ್ಲಾಗಲಿ ದಾವೆ ಹೂಡುವ ಆಯ್ಕೆ ವಾದಿಗಿದೆ. ಹೀಗಾಗಿ ಕಾಗವಾಡದ ಬಳಿ ಶಿರೋಳದವರ ದೋಣಿಯಿಂದ ಹಾನಿಯಾದರೆ, ಮೀನುಗಾರನು ನ್ಯಾಯಕ್ಕಾಗಿ ಹೊರರಾಜ್ಯಕ್ಕೆ ಅಲೆಯಬೇಕಿಲ್ಲ. ಜಾಕ್‌ವೆಲ್ ಮೊದಲಾದ ಸ್ಥಿರಸ್ವತ್ತಿನ ವಿಷಯದಲ್ಲಿ, 16ನೇ ಪ್ರಕರಣದಂತೆ, ಸ್ವತ್ತು ಇರುವ ಸ್ಥಳದ ನ್ಯಾಯಾಲಯಕ್ಕೆ ಹೋಗಬೇಕು. ದಾವೆಯ ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಹಣ ಕೊಟ್ಟು ವಿಹಾರ ಮಾಡಿದವರು ಸೇವಾನ್ಯೂನತೆಯ ಕಾರಣಕ್ಕೆ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೂ ದೂರು ನೀಡಬಹುದು.

ಅಪರಾಧ ಪ್ರಕರಣ

ಭಾರತೀಯ ನ್ಯಾಯ ಸಂಹಿತೆಯ 282ನೇ ಪ್ರಕರಣವು ಮಾನವ ಜೀವಕ್ಕೆ ಅಪಾಯವಾಗುವಂತೆ ನೌಕೆ ನಡೆಸುವುದನ್ನೂ, 284ನೇ ಪ್ರಕರಣವು ಅಸುರಕ್ಷಿತ ಅಥವಾ ಮಿತಿಮೀರಿ ತುಂಬಿದ ನೌಕೆಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವುದನ್ನೂ ಶಿಕ್ಷಾರ್ಹವಾಗಿಸಿವೆ. ಶಿಕ್ಷೆಯಾದ ಮಾತ್ರಕ್ಕೆ ಸ್ವತ್ತಿನ ನಷ್ಟ ತಾನಾಗಿ ಭರ್ತಿಯಾಗುವುದಿಲ್ಲ. ಆದ್ದರಿಂದ ಪಂಚನಾಮೆ, ಛಾಯಾಚಿತ್ರ ಮತ್ತು ದುರಸ್ತಿಯ ರಸೀದಿಗಳು ಸಿವಿಲ್ ದಾವೆಯಲ್ಲಿ ಮುಖ್ಯ ಸಾಕ್ಷ್ಯಗಳಾಗುತ್ತವೆ.