ಶೇಂಗಾ ಚೀಲದ ಲೆಕ್ಕದಿಂದ ಪ್ರೋಗ್ರಾಮಿಂಗ್

ಆಂಧ್ರದ ಓಬಳಾಪುರ, ರಾಯದುರ್ಗ, ಮಡಕಶಿರಾ ಕಡೆಯ ಕನ್ನಡದ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಂಪ್ಯೂಟರ್ ಮುಂದೆ ಇಂಗ್ಲಿಷ್. ಪ್ರೋಗ್ರಾಮಿಂಗ್ ಕಲಿಯುತ್ತೇನೆಂದು ಒಂಬತ್ತನೇ ತರಗತಿಯ ಮಗಳು ಕೇಳಿದರೆ ಹಿರಿಯರು, ‘ಮೊದಲು ಇಂಗ್ಲಿಷ್ ಸರಿಮಾಡಿಕೊಳ್ಳಮ್ಮ’ ಅನ್ನುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಪೈಥಾನ್ ಭಾಷೆ ತನಗೆಂದು ಕಾದಿರಿಸಿಕೊಂಡ ಪದಗಳು 35 ಮಾತ್ರ. ಅದರಲ್ಲಿ ಶುರುವಿಗೆ ಹತ್ತೂ ಬೇಕಾಗುವುದಿಲ್ಲ. ಜತೆಗೆ ಪ್ರಿಂಟ್, ಇನ್‌ಪುಟ್‌ನಂಥ ನಾಲ್ಕಾರು ಆದೇಶ ಗೊತ್ತಿದ್ದರಾಯಿತು.

ಉಳಿದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. 2008ರಲ್ಲಿ ಬಂದ ಪೈಥಾನ್ 3 ಅದಕ್ಕೆ ಅವಕಾಶ ಕೊಟ್ಟಿದೆ. ಮನೆಯ ಶೇಂಗಾ ಚೀಲಗಳನ್ನು ತೂಕಕ್ಕೆ ಹಾಕಿದ್ದೀರಿ ಅನ್ನಿ. ಅವಳು ಹೀಗೆ ಬರೆಯಲಿ:

ತೂಕಗಳು = [41, 39, 42]
ಮೊತ್ತ = 0

ಆಮೇಲೆ ‘ಫಾರ್’ ಎಂಬ ಸುತ್ತು. ಒಂದೊಂದು ಚೀಲದ ತೂಕ ಕೈಗೆ ಬಂದಂತೆ ಒಂದೇ ಕೆಲಸ:

ಮೊತ್ತ = ಮೊತ್ತ + ತೂಕ

ಗಣಿತ ಕಲಿತ ಮಕ್ಕಳೆಲ್ಲ ಇಲ್ಲಿ ತಡವರಿಸುತ್ತಾರೆ. ತೂಕ ಸೊನ್ನೆಯಲ್ಲದಿದ್ದರೆ ಎರಡೂ ಬದಿ ಸಮವಾಗುವುದು ಹೇಗೆ? ಒಳ್ಳೆಯ ಪ್ರಶ್ನೆ, ಆತುರದಿಂದ ದಾಟಿಸಬೇಡಿ. ಇಲ್ಲಿ ಸಮಚಿಹ್ನೆ ಸಮ ಎಂದು ಹೇಳುತ್ತಿಲ್ಲ. ಬಲಗಡೆಯ ಲೆಕ್ಕ ಮುಗಿಸು, ಬಂದ ಉತ್ತರವನ್ನು ಎಡಗಡೆಯ ಹೆಸರಿನಲ್ಲಿಡು ಎನ್ನುತ್ತಿದೆ. ಹಾಳೆಯ ಮೇಲೆ ‘ಮೊತ್ತ’ ಎಂದು ಬರೆಸಿ, ಪ್ರತಿ ಸುತ್ತಿಗೂ ಹಳೆಯ ಅಂಕಿ ಹೊಡೆದುಹಾಕಿ ಹೊಸದು ಬರೆಯಲು ಹೇಳಿ: 0, 41, 80, 122. ಕೈಯಾರೆ ಒಮ್ಮೆ ಮಾಡಿದವಳಿಗೆ ಯಂತ್ರ ಒಳಗೆ ಏನು ಮಾಡುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ತಪ್ಪುಗಳಂತೂ ಬಂದೇ ಬರುತ್ತವೆ. ಸಮಚಿಹ್ನೆಯ ಬಲಗಡೆ ‘ಮೊತ್ತ’ದ ಒತ್ತು ಬಿಟ್ಟು ‘ಮೊತ’ ಎಂದು ಟೈಪಿಸಿದರೆ, ಈ ಹೆಸರು ನನಗೆ ಗೊತ್ತಿಲ್ಲ ಎಂದು ಪೈಥಾನ್ ಇಂಗ್ಲಿಷಿನಲ್ಲಿ ದೂರುತ್ತದೆ. ಆ ಸಂದೇಶದ ಕೊನೆಯ ಸಾಲನ್ನೇ ಮೊದಲು ಓದಬೇಕು, ಆಮೇಲೆ ಸಾಲಿನ ಸಂಖ್ಯೆ ನೋಡಬೇಕು. ಇಷ್ಟನ್ನು ಕಲಿಸಿ ಸುಮ್ಮನಿರಿ. ಅವಳ ಕೈಯಿಂದ ಕೀಲಿಮಣೆ ಕಸಿದು ನೀವೇ ತಿದ್ದಿಬಿಟ್ಟರೆ ಕಲಿಕೆ ಅಲ್ಲಿಗೇ ನಿಂತುಹೋಗುತ್ತದೆ.

ಊರಿನ ಹೆಸರನ್ನೂ ಕೊಟ್ಟು ನೋಡಲಿ. ‘ಓಬಳಾಪುರ’ದ ಉದ್ದ ಎಷ್ಟು ಎಂದು ‘ಲೆನ್’ ಆದೇಶದಲ್ಲಿ ಕೇಳಿದರೆ 7 ಎನ್ನುತ್ತದೆ. ನಾವು ಎಣಿಸಿದರೆ ಐದೇ ಅಕ್ಷರ. ಳಾ, ಪು ಅಕ್ಷರಗಳ ದೀರ್ಘಕ್ಕೂ ಕೊಂಬಿಗೂ ಯೂನಿಕೋಡ್ ಬೇರೆಯಾಗಿಯೇ ಸಂಖ್ಯೆ ಕೊಟ್ಟಿರುವುದರಿಂದ ಎರಡು ಹೆಚ್ಚು. ‘ಕ’ ಅಕ್ಷರದ ಸಂಖ್ಯೆ 3221. ಅಕ್ಷರವೂ ಒಳಗೆ ಸಂಖ್ಯೆಯೇ ಎಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಾಣದು.

ತಾಯ್ನುಡಿಯಲ್ಲಿ ಆದೇಶ ಕೊಡಿಸುವ ಯೋಚನೆ ಹೊಸದಲ್ಲ. ಸೇಮರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ಲೋಗೋ ಭಾಷೆ ರೂಪಿಸಿದರು, ಅದನ್ನು ಡಾ. ಯು. ಬಿ. ಪವನಜ ಕನ್ನಡಕ್ಕೆ ತಂದರು. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ದನಿಯ ಪಾಠಗಳು ಉಚಿತವಾಗಿ ಸಿಗುತ್ತವೆ.

ಲ್ಯಾಪ್‌ಟಾಪ್ ಇಲ್ಲವೆಂದು ನಿಲ್ಲಬೇಕಿಲ್ಲ. ಆಂಡ್ರಾಯ್ಡ್ ಫೋನಿಗೆ ಪೈಡ್ರಾಯ್ಡ್ 3 ಹಾಕಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಬರೆದು ಓಡಿಸಬಹುದು. ಮುಂದಿನ ಕೆಲಸವಾಗಿ ಕ್ವಿಂಟಾಲ್ ದರ ಕೊಡಿ: 122 ಕೆಜಿಗೆ ಎಷ್ಟು ಹಣ ಬರಬೇಕು? ನೂರರಿಂದ ಭಾಗಿಸಬೇಕೆಂಬುದನ್ನು ಅವಳೇ ಕಂಡುಕೊಳ್ಳಲಿ. ಆಮೇಲೆ ಅದರಲ್ಲೇ ಚೀಲಕ್ಕಿಷ್ಟೆಂದು ಹಮಾಲಿ ಕಳೆಯಲಿ.