ಒಡೆಯನ ನಿಂದೆ ಮತ್ತು ವಾಕ್ಪಾರುಷ್ಯವಿಚಾರ

ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದುದು ವಿದ್ವಾಂಸರಿಗೆ ಸುವಿದಿತವಷ್ಟೆ. ಅದರ ಧರ್ಮಸ್ಥೀಯಾಧಿಕರಣದಲ್ಲಿ ವಾಕ್ಪಾರುಷ್ಯವೆಂಬ ಪ್ರಕರಣವೊಂದುಂಟು. ತನ್ನ ಒಡೆಯನನ್ನು ಫೇಸ್‌ಬುಕ್, ವಾಟ್ಸಾಪ್ ಮೊದಲಾದುವುಗಳಲ್ಲಿ ನಿಂದಿಸಿದ ನೌಕರನಿಗೆ ಒದಗಬಹುದಾದ ದಂಡಭಯವನ್ನು ಪರೀಕ್ಷಿಸಲು ಅದು ಇಂದಿಗೂ ತಕ್ಕ ಒರೆಗಲ್ಲಾಗಿದೆ. ಚಾಮರಾಜನಗರ, ಗುಂಡ್ಲುಪೇಟೆಗಳ ಉಪಾಧ್ಯಾಯರಲ್ಲಿ ಸರ್ಕಾರದ ಸಂಬಳದವರೂ ಖಾಸಗಿ ಆಡಳಿತಮಂಡಲಿಗಳ ಕೆಳಗಿರುವವರೂ ಉಂಟಾದುದರಿಂದ ಎರಡು ಪಕ್ಷಗಳನ್ನೂ ಇಲ್ಲಿ ವಿಚಾರಿಸಲಾಗುವುದು.

ಒಕ್ಕಣ್ಣನನ್ನು ಒಕ್ಕಣ್ಣನೆಂದು ಹಳಿದರೆ ಮೂರು ಪಣ, ಅದು ಸುಳ್ಳಾದರೆ ಆರು ಪಣ ದಂಡವೆಂದು ಕೌಟಿಲ್ಯನ ಮತ. ಅವನನ್ನೇ ಚೆಲುಗಣ್ಣನೆಂದು ಹೊಗಳುವ ನೆವದಿಂದ ಹೀಗಳೆದರೆ ದಂಡವು ಹನ್ನೆರಡು ಪಣ. ಆಲಂಕಾರಿಕರು ಮೆಚ್ಚುವ ವ್ಯಾಜಸ್ತುತಿಯನ್ನು ಧರ್ಮಸ್ಥನು ಹೆಚ್ಚಿನ ಅಪರಾಧವೆಂದು ಎಣಿಸಿದುದು ಗಮನಾರ್ಹವಾಗಿದೆ. ನಿಂದಿತನು ತನಗಿಂತ ಮೇಲಿನವನಾದರೆ ದಂಡ ಇಮ್ಮಡಿ; ಪ್ರಮಾದ ಮದ ಮೋಹಗಳಿಂದ ಆಡಿದ ಮಾತಿಗೆ ಅರ್ಧ. ಸತ್ಯವು ಇಲ್ಲಿ ದಂಡವನ್ನು ತಗ್ಗಿಸುವುದೇ ಹೊರತು ತೊಡೆದುಹಾಕುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಪ್ರಕರಣದಲ್ಲಿ ಮಾನನಷ್ಟಕ್ಕೆ ಎರಡು ವರ್ಷಗಳವರೆಗೆ ಸಾದಾ ಸಜೆ, ಜುಲ್ಮಾನೆ, ಇವೆರಡೂ, ಅಥವಾ ಸಮುದಾಯಸೇವೆ ವಿಹಿತವಾಗಿದೆ. ಮೇಲು ಕೀಳೆಂಬ ತಾರತಮ್ಯ ಇಲ್ಲಿಲ್ಲ. ಸತ್ಯವಾದುದು ಲೋಕಹಿತಕ್ಕಾಗಿಯೂ ಇದ್ದರೆ ಅಪರಾಧವಲ್ಲ. ಕೇವಲ ಸತ್ಯವು ಸಾಲದು. ವಿಚಾರಿಸುವ ಅಧಿಕಾರವುಳ್ಳವರಲ್ಲಿ ಸದ್ಭಾವದಿಂದ ದೂರಿಕೊಂಡರೂ ಅಪರಾಧವಲ್ಲ. ಅದೇ ಮಾತು ಸಾವಿರ ಜನರ ಮೊಬೈಲಿಗೆ ಹೋದರೆ ಈ ಎರಡನೆಯ ರಕ್ಷಣೆ ಸಿಕ್ಕದು.

ಸಂಹಿತೆಯು ಕೈಬಿಟ್ಟ ತಾರತಮ್ಯವು ಸೇವಾನಿಯಮಗಳ ಮೂಲಕ ಮರಳಿ ಬಂದಿದೆ. ಸರ್ಕಾರದ ನೀತಿಯನ್ನು ಅದರ ನೌಕರನು ಬಹಿರಂಗವಾಗಿ ಟೀಕಿಸುವುದು ನಡತೆಯ ನಿಯಮಗಳಿಗೆ ವಿರುದ್ಧ. 2023ರ ಮೇ ತಿಂಗಳಿನಲ್ಲಿ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮುಖ್ಯಮಂತ್ರಿಗಳ ಕಾಲದ ಸಾಲದ ಲೆಕ್ಕವನ್ನೆತ್ತಿ ಫೇಸ್‌ಬುಕ್ಕಿನಲ್ಲಿ ಬರೆದುದಕ್ಕಾಗಿ ಅಮಾನತುಗೊಂಡರು. ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದೇ ರದ್ದುಪಡಿಸಿದ್ದರೂ ಆ ತೀರ್ಪು ಇಂಥವರಿಗೆ ನೆರವಾಗದು. ಅಮಾನತಿಗೆ ಕ್ರಿಮಿನಲ್ ಕಾನೂನೇ ಬೇಕಾಗಿಲ್ಲ. ಆದರೂ ನೌಕರನಾದ ಮಾತ್ರಕ್ಕೆ ವಾಕ್‌ಸ್ವಾತಂತ್ರ್ಯವು ಅಳಿಯದು. ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಕಾಮೇಶ್ವರ ಪ್ರಸಾದರ ಮೊಕದ್ದಮೆಯಲ್ಲಿ ನೌಕರರಿಗೂ ಮೂಲಭೂತ ಹಕ್ಕುಗಳುಂಟೆಂದಿತು. 2020ರಲ್ಲಿ ತ್ರಿಪುರ ಉಚ್ಚನ್ಯಾಯಾಲಯವು ಫೇಸ್‌ಬುಕ್ ಬರೆಹದ ಸಂದರ್ಭದಲ್ಲಿ, ನಡತೆಯ ನಿಯಮಗಳ ಮೇರೆಯೊಳಗೆ, ಈ ಹಕ್ಕನ್ನೇ ಎತ್ತಿಹಿಡಿಯಿತು. ಸಂವಿಧಾನದ 311ನೆಯ ಅನುಚ್ಛೇದದಂತೆ, ಕೆಲವು ಅಪವಾದಗಳನ್ನುಳಿದು, ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ.

ಖಾಸಗಿ ಶಾಲೆಯ ಉಪಾಧ್ಯಾಯನಿಗೆ ಈ ಅನುಚ್ಛೇದದ ಆಶ್ರಯವಿಲ್ಲ. ನೇಮಕದ ಕರಾರಿನಲ್ಲಿರುವ ಗೋಪ್ಯತೆಯ ಷರತ್ತುಗಳು ಅವನನ್ನು ಕಟ್ಟುವುವು. ಮಾನನಷ್ಟಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆಯ ಭಯವೂ ಉಂಟು. ಕರ್ನಾಟಕ ಶಿಕ್ಷಣ ಅಧಿನಿಯಮ, 1983ರಲ್ಲಿ ಹೇಳಿರುವ ವಿಚಾರಣೆ, ಮೇಲ್ಮನವಿಗಳೇ ಅವನಿಗೆ ಮುಖ್ಯ ಆಸರೆ.

ಒಟ್ಟಿನಲ್ಲಿ, ಆಡಿದ್ದು ದಿಟವೇ ಎಂಬುದೊಂದೇ ಪ್ರಶ್ನೆಯಲ್ಲ. ಯಾರಲ್ಲಿ ಆಡಿದ್ದು, ಯಾವ ಹಿತಕ್ಕೆ ಆಡಿದ್ದು ಎಂಬುವೂ ಪ್ರಶ್ನೆಗಳೇ. ವಕ್ರೋಕ್ತಿಯ ಮರೆಯೂ ಕಾಯುವುದಿಲ್ಲ. ಆಧಾರಪತ್ರಗಳೊಡನೆ ಮೇಲಧಿಕಾರಿಗೆ ಕೊಟ್ಟ ಲಿಖಿತ ದೂರೇ ನೌಕರನಿಗೆ ಕಡಮೆ ಅಪಾಯದ ಮಾರ್ಗ. ಆದರೆ ದೂರು ಹೇಳಬೇಕಾದುದು ಆ ಮೇಲಧಿಕಾರಿಯ ಮೇಲೆಯೇ ಆದಾಗ ಮಾರ್ಗವು ಬಹಳ ಕಿರಿದಾಗುವುದೆಂಬುದನ್ನು ಶಾಸನಕರ್ತರು ಆಲೋಚಿಸಬೇಕಾಗಿದೆ.