ಕುಂಡದ ಜೀವಂತ ಮಣ್ಣಿನ ನಿರ್ವಹಣೆ: ಮೊದಲು ತೇವ, ನಂತರ ಗೊಬ್ಬರ

ತಾರಸಿ ಹಾಗೂ ಕೈತೋಟದ ಕುಂಡಗಳಲ್ಲಿ ಸಾವಯವ ವಿಧಾನದಿಂದ ತರಕಾರಿ ಬೆಳೆಯುವವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಸಾಕಷ್ಟು ಗೊಬ್ಬರ ಕೊಟ್ಟರೂ ಎಲೆಗಳು ಹಳದಿಯಾಗುತ್ತಿರುವುದೇಕೆ? ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಗೊಬ್ಬರದ ಪ್ರಮಾಣದಲ್ಲಲ್ಲ, ನೀರು ಕೊಡುವ ಕ್ರಮದಲ್ಲಿ.

ತೇವ ಮತ್ತು ಪೋಷಣೆಯ ಸಂಬಂಧ

ಎರೆಹುಳು ಗೊಬ್ಬರ ಹಾಗೂ ಬೇವಿನ ಹಿಂಡಿಯಲ್ಲಿರುವ ಸಾರಜನಕದ ಬಹುಭಾಗವು ಸಾವಯವ ರೂಪದಲ್ಲಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮೊದಲು ಅಮೋನಿಯಂ, ಬಳಿಕ ನೈಟ್ರೇಟ್ ರೂಪಕ್ಕೆ ಪರಿವರ್ತಿಸಿದಾಗ ಬೇರುಗಳಿಗೆ ಸುಲಭವಾಗಿ ದೊರೆಯುತ್ತದೆ. ಈ ಕಾರ್ಯಕ್ಕೆ ತೇವ ಮತ್ತು ಗಾಳಿ ಎರಡೂ ಅವಶ್ಯಕ. ಮಣ್ಣು ಒಣಗಿದರೆ ಪರಿವರ್ತನೆ ನಿಧಾನವಾಗುತ್ತದೆ. ನೀರು ನಿಂತರೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಅತಿಯಾಗಿ ಹಾಕಿದ ನೀರು ನೈಟ್ರೇಟನ್ನು ತೊಳೆದು ತಳದ ರಂಧ್ರದಿಂದ ಹೊರಗೊಯ್ಯುತ್ತದೆ. ಹೊಲದಲ್ಲಿ ಬೇರು ಆಳಕ್ಕಿಳಿದು ಆಹಾರವನ್ನು ಅರಸಬಲ್ಲದು. ಕುಂಡದಲ್ಲಿ ಆ ಅವಕಾಶವಿಲ್ಲ.

ಟೊಮೆಟೊ ಹಣ್ಣಿನ ತುದಿ ಕೊಳೆಯುವುದು ಇದಕ್ಕೆ ಉತ್ತಮ ಉದಾಹರಣೆ. ಇದು ಸುಣ್ಣದ ಅಂಶದ ಕೊರತೆಯಿಂದ ಬರುವುದಾದರೂ, ಮಣ್ಣಿನಲ್ಲಿ ಆ ಅಂಶ ಇದ್ದಾಗಲೂ ಕಾಣಿಸಿಕೊಳ್ಳುತ್ತದೆ. ಸುಣ್ಣದ ಅಂಶವು ನೀರಿನೊಡನೆ ಸಾಗುವುದರಿಂದ, ಒಮ್ಮೆ ಒಣಗಿಸಿ ಒಮ್ಮೆ ನೆನೆಸಿದರೆ ಅದು ಹಣ್ಣನ್ನು ತಲುಪುವುದಿಲ್ಲ.

ನೀರು ಕೊಡುವ ಕ್ರಮ

• ದಿನ ಎಣಿಸಿ ನೀರು ಹಾಕಬಾರದು. ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕಿಳಿಸಿ ನೋಡಿ, ತೇವ ಕಡಿಮೆಯಾಗಿದ್ದರೆ ಮಾತ್ರ ಕೊಡಬೇಕು.
• ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು.
• ಪೂರ್ತಿ ಒಣಗಿದ ತೆಂಗಿನ ನಾರಿನ ಪುಡಿ ನೀರನ್ನು ಬೇಗ ಹೀರುವುದಿಲ್ಲ. ನೀರು ಕುಂಡದ ಅಂಚಿನಿಂದ ಜಾರಿ ಹೊರಬರುತ್ತದೆ. ಆದ್ದರಿಂದ ಮೊದಲು ಸ್ವಲ್ಪ ನೀರು ಹಾಕಿ, 10–15 ನಿಮಿಷ ಬಿಟ್ಟು ಉಳಿದದ್ದನ್ನು ನಿಧಾನವಾಗಿ ಹಾಕಬೇಕು.
• ತಳದಿಂದ ನೀರು ಜಿನುಗಲಾರಂಭಿಸಿದೊಡನೆ ನಿಲ್ಲಿಸಬೇಕು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಅಲ್ಲಿ ಸೊಳ್ಳೆಗಳೂ ಬೆಳೆಯುತ್ತವೆ.
• ಒಣ ಎಲೆ ಅಥವಾ ಹುಲ್ಲಿನ ಎರಡು ಅಂಗುಲ ಹೊದಿಕೆ ಹಾಕಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ಹೊದಿಕೆಯು ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಬೇಕು.

ಪೋಷಣೆಯ ಕ್ರಮ

ಸುಮಾರು 15 ಲೀಟರ್ ಹಿಡಿಯುವ ಕುಂಡದ ಟೊಮೆಟೊ, ಬದನೆ ಅಥವಾ ಮೆಣಸಿನಕಾಯಿ ಗಿಡಕ್ಕೆ 20 ದಿನಗಳಿಗೊಮ್ಮೆ 200 ಗ್ರಾಂ ಎರೆಹುಳು ಗೊಬ್ಬರ ಹಾಗೂ 20 ಗ್ರಾಂ ಬೇವಿನ ಹಿಂಡಿ ಕೊಡಬಹುದು. ಹೊದಿಕೆಯನ್ನು ಸರಿಸಿ, ಮೇಲ್ಮಣ್ಣಿನಲ್ಲಿ ಹಗುರವಾಗಿ ಬೆರೆಸಿ ಮತ್ತೆ ಮುಚ್ಚಬೇಕು. ಜೀವಾಮೃತವನ್ನು ಹತ್ತು ಪಟ್ಟು ನೀರಿನಲ್ಲಿ ತೆಳುಗೊಳಿಸಿ, ತೇವವಿರುವ ಮಣ್ಣಿಗೆ ಮಾತ್ರ ಹಾಕಬೇಕು. ಅದು ಸೂಕ್ಷ್ಮಜೀವಿಗಳಿಗೆ ಪೂರಕವೇ ಹೊರತು ಗೊಬ್ಬರಕ್ಕೆ ಬದಲಿಯಲ್ಲ. ಮಳೆಗಾಲದಲ್ಲಿ ಪೋಷಕಾಂಶಗಳು ಬಸಿದುಹೋಗುವುದರಿಂದ, ಇದೇ ಪ್ರಮಾಣವನ್ನು ಎರಡು ಕಂತುಗಳಲ್ಲಿ ಕೊಡುವುದು ಸೂಕ್ತ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಹಳದಿ ಎಲೆಯ ದೂರು ಬಂದಾಗ ಗೊಬ್ಬರ ಶಿಫಾರಸು ಮಾಡುವ ಮುನ್ನ ಮಣ್ಣಿನ ತೇವ, ತಳದ ರಂಧ್ರ ಹಾಗೂ ಬೇರಿನ ಬಣ್ಣವನ್ನು ಪರೀಕ್ಷಿಸಬೇಕು. ಬೇರು ಬೆಳ್ಳಗಿದ್ದು ತೇವ ಸಮನಾಗಿದ್ದರೆ ಮಾತ್ರ ಪೋಷಕಾಂಶದ ಕೊರತೆಯತ್ತ ಗಮನ ಹರಿಸಬಹುದು. ಬೇರು ಕಂದಾಗಿ ಮೆತ್ತಗಾಗಿದ್ದರೆ ಆ ಗಿಡಕ್ಕೆ ಬೇಕಾದುದು ಇನ್ನಷ್ಟು ಗೊಬ್ಬರವಲ್ಲ. ಕೆಲವು ದಿನ ನೀರಿಗೆ ವಿರಾಮ ಮತ್ತು ಬೇರಿಗೆ ಗಾಳಿ.